ಬಾಲ್ಕನಿಯಲ್ಲಿ ಒಣಗಿದ ಕಸೂತಿ

ಚಿತ್ರ ಕಲಿಯಬೇಕೆಂದು ನಾನು ಹೊರಟವಳೇ ಅಲ್ಲ. ಕಲಿಯುತ್ತಿದ್ದವಳು ನನ್ನ ಮಗಳು. ಗುರುವಾರ ಸಂಜೆಯಾದರೆ ಅವಳನ್ನು ದೋಹಾದ ಅಲ್ ಅಜೀಜಿಯಾದ ಒಂದು ವಿಲ್ಲಾಕ್ಕೆ ಕರೆದುಕೊಂಡು ಹೋಗಿ, ಅವಳು ಒಳಗೆ ಬಣ್ಣ ಬಳಿಯುವಷ್ಟು ಹೊತ್ತು ನಾನು ಹೊರಗಿನ ಸೋಫಾದಲ್ಲಿ ಕೂತು ಮೊಬೈಲು ಒತ್ತುತ್ತಿದ್ದೆ. ಕಲಿಸುವವರು ರಷ್ಯಾದ ಒಬ್ಬ ಹೆಂಗಸು. ಅರುವತ್ತರ ಹತ್ತಿರದ ಪ್ರಾಯ, ಗಂಡ ಗ್ಯಾಸ್ ಕಂಪೆನಿಯಲ್ಲಿ ಇಂಜಿನಿಯರ್. ನಾವೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು. ಹನ್ನೆರಡನೇ ಕ್ಲಾಸು ಮುಗಿಸಿ ಮಗಳು ಮಂಗಳೂರಿಗೆ ಓದಲಿಕ್ಕೆ ಹೋದಳು. ಅವಳು ಬಿಟ್ಟುಹೋದ ಸಾಮಾನು ತರೋಣವೆಂದು ಹೋದರೆ ಮೇಡಂ ಸಾಮಾನು ಕೊಡಲಿಲ್ಲ, ನನ್ನ ಕೈಗೊಂದು ಬ್ರಶ್ ಕೊಟ್ಟರು. "ಇಷ್ಟು ವರ್ಷ ಹೊರಗೆ ಕೂತದ್ದು ಸಾಕು, ಒಳಗೆ ಬಾ" ಎಂದರು. ನಾನು ಬಿನ್ ಒಮ್ರಾನಿನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್. ದಿನವಿಡೀ ಊರವರ ಹಲ್ಲುನೋವು ಕೇಳುವವಳಿಗೆ ಬಣ್ಣದ ಬ್ರಶ್ ಹಿಡಿಯುವುದು ಹೇಗೆಂದೇ ಗೊತ್ತಿರಲಿಲ್ಲ.

ಮೇಡಂ ಬಣ್ಣಕ್ಕಿಂತ ಜಾಸ್ತಿ ಮಾತಿನಲ್ಲೇ ಕಲಿಸುತ್ತಿದ್ದರು. ನೂರು ಚಿಲ್ಲರೆ ವರ್ಷಗಳ ಹಿಂದೆ ಅವರ ದೇಶದ ಚಿತ್ರಕಾರರು ಪ್ಯಾರಿಸ್ಸಿನ ಕಡೆ ನೋಡಿ ನೋಡಿ ಸಾಕಾಗಿ ತಮ್ಮದೇ ಹಳ್ಳಿಗಳ ಕಡೆ ತಿರುಗಿದರಂತೆ. ಅಂಗಡಿಯ ಬೋರ್ಡು, ಸಂತೆಯಲ್ಲಿ ಮಾರುವ ಅಗ್ಗದ ಅಚ್ಚಿನ ಚಿತ್ರ, ಮರದ ಗೊಂಬೆ, ದೇವರ ಪಟ, ಅಜ್ಜಿಯಂದಿರು ಕಸೂತಿ ಹಾಕಿದ ಉದ್ದನೆಯ ಟವೆಲು, ಎಲ್ಲವನ್ನೂ ಗುಡ್ಡೆ ಹಾಕಿಕೊಂಡು ಕಣ್ಣು ತುಂಬ ನೋಡಿದರಂತೆ. ಮೊದಮೊದಲು ಅದೇ ಕುದುರೆ, ಅದೇ ಹಕ್ಕಿ, ಅದೇ ರೈತನನ್ನು ದಪ್ಪ ಗೆರೆಯಲ್ಲಿ ಬರೆದರು. ಆಮೇಲೆ ಕುದುರೆಯನ್ನು ತೆಗೆದರು, ಹಕ್ಕಿಯನ್ನು ತೆಗೆದರು, ರೈತನನ್ನೂ ಕಳಿಸಿಬಿಟ್ಟರು. ಕೊನೆಗೆ ಕೆಂಪು ಚೌಕ, ಕಪ್ಪು ಚೌಕ, ಓರೆಯಾದ ಒಂದು ಪಟ್ಟಿ, ಇಷ್ಟು ಉಳಿಯಿತು. ಅವರಲ್ಲೊಬ್ಬರು ಬರೀ ಕಪ್ಪು ಚೌಕವೊಂದನ್ನು ಬರೆದು, ಪ್ರದರ್ಶನದಲ್ಲಿ ಅದನ್ನು ಎರಡು ಗೋಡೆ ಸೇರುವ ಮೇಲಿನ ಮೂಲೆಗೆ ಏರಿಸಿ ಕಟ್ಟಿದರಂತೆ. ಅವರ ಹಳ್ಳಿಮನೆಗಳಲ್ಲಿ ದೇವರ ಪಟ ಇಡುವ ಜಾಗ ಅದು.

"ಮೇಡಂ, ಇದನ್ನು ನನ್ನ ಮಗಳು ಒಂದನೇ ಕ್ಲಾಸಿನಲ್ಲೇ ಮಾಡುತ್ತಿದ್ದಳು" ಎಂದೆ. ನನಗೆ ಬಾಯಿ ಸ್ವಲ್ಪ ಜಾಸ್ತಿ.

"ಮಾಡುತ್ತಿದ್ದಳು. ದೇವರ ಜಾಗದಲ್ಲಿ ಇಡುತ್ತಿದ್ದಳಾ?"

ಸುಮ್ಮನಿರುವುದು ನನ್ನ ಜಾಯಮಾನವಲ್ಲ, ಮತ್ತೆ ಬಾಯಿ ಬಿಟ್ಟೆ. ನಮ್ಮ ತುಳುನಾಡಿನ ಮನೆಯಲ್ಲಿ ದೈವಕ್ಕೆ ಮುಖವೂ ಇಲ್ಲ, ಮೂಗೂ ಇಲ್ಲ, ಒಂದು ಮರದ ಮಣೆ ಇದೆ, ಅದಕ್ಕೇ ದೀಪ ಇಡುತ್ತೇವೆ, ಅದಕ್ಕೇ ಹೆದರುತ್ತೇವೆ ಎಂದೆ. ಮೇಡಂ ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತರು. ಆ ಮಣೆಯ ಉದ್ದ ಅಗಲ ಎಷ್ಟು, ಬಣ್ಣ ಉಂಟಾ, ಯಾರು ಮಾಡಿದ್ದು, ಎಲ್ಲ ಕೇಳಿದರು. "ನಮ್ಮವರು ಕಷ್ಟಪಟ್ಟು ಹೋಗಿ ಮುಟ್ಟಿದ ಜಾಗದಲ್ಲಿ ನಿನ್ನ ಅಜ್ಜಂದಿರು ಮೊದಲೇ ಕೂತಿದ್ದಾರಲ್ಲ" ಎಂದು ನಕ್ಕರು. ನನಗೆ ಹೆಮ್ಮೆಯಾಯಿತು, ಯಾಕೆ ಸುಳ್ಳು ಹೇಳಲಿ. ಆವತ್ತಿನಿಂದ ನಾವು ಹತ್ತಿರವಾದೆವು.

ಕಳೆದ ಜೂನಿನ ಒಂದು ಗುರುವಾರ ಮೇಡಂ ಪಾಠ ಮಾಡಲಿಲ್ಲ. ಬೇರೆಯವರನ್ನೆಲ್ಲ ಕಳಿಸಿ ನನ್ನನ್ನು ಮಾತ್ರ ನಿಲ್ಲಿಸಿಕೊಂಡರು. ಕಪಾಟಿನಿಂದ ಒಂದು ಬಟ್ಟೆ ತೆಗೆದು ಮೇಜಿನ ಮೇಲೆ ಬಿಡಿಸಿದರು. ಕೈಮಗ್ಗದ ದಪ್ಪ ನಾರುಬಟ್ಟೆ, ಬಿಳಿ ಹೋಗಿ ಹಳದಿಗೆ ತಿರುಗಿತ್ತು. ಎರಡು ತುದಿಗಳಲ್ಲೂ ಕೆಂಪು ದಾರದ ಕಸೂತಿ. ಅಂಚಿನಲ್ಲಿ ಮೊದಲು ಚೌಕಗಳು, ಅದರ ಮೇಲೆ ವಜ್ರದ ಆಕಾರಗಳು, ನಡುವೆ ಎರಡೂ ಕೈಯನ್ನು ಮೇಲಕ್ಕೆತ್ತಿ ನಿಂತ ಒಬ್ಬ ಹೆಂಗಸು, ಅವಳ ಎಡಬಲದಲ್ಲಿ ಎರಡು ಕುದುರೆಗಳು. ಅದನ್ನು ಹೊಲಿದವರು ಮೇಡಂ ಅವರ ಅಜ್ಜಿ, ಅಂದರೆ ಅವರ ಅಮ್ಮನ ಅಮ್ಮ.

ಅವರ ಕಡೆ ಯಾರಾದರೂ ಸತ್ತರೆ ಆ ಟವೆಲನ್ನು ಮನೆಯ ಕಿಟಕಿಯ ಹೊರಗೆ ನಲವತ್ತು ದಿವಸ ಇಳಿಬಿಡುತ್ತಾರಂತೆ. ಅಷ್ಟು ದಿವಸ ಆತ್ಮ ಮನೆ ಬಿಟ್ಟು ಹೋಗುವುದಿಲ್ಲ, ಬಂದು ಬಂದು ಅದರಲ್ಲಿ ಕಣ್ಣೊರೆಸಿಕೊಳ್ಳುತ್ತದೆ. ಅಜ್ಜ ಹೋದಾಗ ಇದೇ ಟವೆಲು ಕಟ್ಟಿದ್ದರು, ಅಜ್ಜಿ ಹೋದಾಗಲೂ ಇದನ್ನೇ. ಈಗ ಮೇಡಂ ಅವರ ಅಮ್ಮ ಹಾಸಿಗೆ ಹಿಡಿದಿದ್ದರು. ಡಾಕ್ಟರರು ಕೈಬಿಟ್ಟಾಗಿತ್ತು. ಫೋನಿನಲ್ಲಿ ಆಕೆ ಮಗಳ ಹತ್ತಿರ ಕೇಳಿದ್ದು ಒಂದೇ: ಬಾ, ಬರುವಾಗ ಅಮ್ಮನ ಟವೆಲು ತಾ, ನನಗೆ ಅದನ್ನು ಕಟ್ಟು.

"ಶನಿವಾರ ರಾತ್ರಿ ನನ್ನ ಫ್ಲೈಟು" ಎಂದರು ಮೇಡಂ. "ಈ ಸಲ ಕಿಟಕಿಗೆ ಕಟ್ಟಿದ ಮೇಲೆ ಅದು ಅಲ್ಲಿಯೇ ಉಳಿಯುತ್ತದೆ, ನನ್ನ ಚಿಕ್ಕಮ್ಮನ ಮನೆಯಲ್ಲಿ. ಹೋಗುವ ಮೊದಲು ಇದರ ಎಳೆ ಎಣಿಸಿ ಗ್ರಾಫ್ ಪೇಪರಿನಲ್ಲಿ ಇಳಿಸಿಕೊಡುತ್ತೀಯಾ? ನನ್ನ ಕಣ್ಣು ಈಗ ಇಷ್ಟು ಸಣ್ಣದನ್ನು ಎಣಿಸುವುದಿಲ್ಲ. ಫೋಟೋ ಉಂಟು, ಫೋಟೋ ನೋಡಿ ಕೈ ಕಲಿಯುವುದಿಲ್ಲ." ಶನಿವಾರ ಮಧ್ಯಾಹ್ನ ತಾನೇ ನಮ್ಮ ಮನೆಗೆ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದರು. ಅದಕ್ಕೆ ನೀರು ತಾಗಿಸಬೇಡ ಎಂದು ಅವರು ಹೇಳಲಿಲ್ಲ. ಅಂಥದ್ದನ್ನು ಯಾರಾದರೂ ಹೇಳುತ್ತಾರಾ?

ಈಗ ಮನೆಯಲ್ಲಿ ಯಾರಿದ್ದರು ಎಂದು ಹೇಳಬೇಕು. ನನ್ನ ಅತ್ತೆ ಬಂದಿದ್ದರು, ನಮ್ಮ ಮಾತಿನಲ್ಲಿ ಮಾಮಿ. ಡಿಸೆಂಬರಿನ ಚಳಿಗೆ ಬರಬೇಕಾದವರು ವೀಸಾ ತಡವಾಗಿ ಉರಿ ಬೇಸಿಗೆಗೆ ಬಂದಿಳಿದಿದ್ದರು. ಹೊರಗೆ ಕಾಲಿಡುವ ಹಾಗಿಲ್ಲ, ಟಿ.ವಿ.ಯ ಸೀರಿಯಲ್ಲಿಗೂ ಮನಸ್ಸಿಲ್ಲ. ನಾನೂ ನನ್ನ ಗಂಡನೂ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ತೊಳೆಯಬಹುದಾದದ್ದನ್ನೆಲ್ಲ ತೊಳೆದು ಮುಗಿಸಿದ್ದರು. ಕರ್ಟನ್ನು, ದಿಂಬಿನ ಕವರು, ಕಾರಿನ ಸೀಟಿನ ಟವೆಲು ಯಾವುದನ್ನೂ ಬಿಟ್ಟಿರಲಿಲ್ಲ. ಒಳ್ಳೆಯ ಜೀವ. ಕೈಗೆ ಕೆಲಸ ಇಲ್ಲದಿದ್ದರೆ ಕಾಯಿಲೆ ಬೀಳುವ ಪೈಕಿ.

ಶುಕ್ರವಾರ ಇಡೀ ದಿನ ನಾನು ಡೈನಿಂಗ್ ಟೇಬಲ್ ಬಿಟ್ಟು ಏಳಲಿಲ್ಲ. ಸೂಜಿಯ ತುದಿಯಿಂದ ಎಳೆ ಎಣಿಸುವುದು, ಪೇಪರಿನಲ್ಲಿ ಅಷ್ಟೇ ಮನೆಗೆ ಕೆಂಪು ತುಂಬುವುದು. ಸಂಜೆಯ ಹೊತ್ತಿಗೆ ಅಂಚಿನ ಚೌಕಗಳು ಮುಗಿದವು, ವಜ್ರಗಳೂ ಮುಗಿದವು. ಎಣಿಸುತ್ತ ಎಣಿಸುತ್ತ ನನಗೊಂದು ಸಂಗತಿ ಹೊಳೆಯಿತು. ಆ ಹೆಂಗಸಿನ ಸೊಂಟ, ಕುದುರೆಯ ಕುತ್ತಿಗೆ ಎಲ್ಲವೂ ಅಂಚಿನ ಅದೇ ಚೌಕಗಳಿಂದಲೇ ಕಟ್ಟಿದ್ದು. ದೂರದಿಂದ ಕುದುರೆ, ಹತ್ತಿರ ಹೋದರೆ ಬರೀ ಮೆಟ್ಟಿಲು ಮೆಟ್ಟಿಲಾದ ಕೆಂಪು. ಆ ಚಿತ್ರಕಾರರು ಅಷ್ಟು ಹತ್ತಿರ ಹೋಗಿ ನೋಡಿರಬೇಕು ಎನಿಸಿತು. ಇಷ್ಟು ದಿನ ಮೇಡಂ ಬಾಯಿ ನೋವು ಮಾಡಿಕೊಂಡು ಹೇಳಿದ್ದು ಸೂಜಿಯ ತುದಿಯಲ್ಲಿ ಸಿಕ್ಕಿತು. ಖುಷಿ ತಡೆಯದೆ ಮಾಮಿಯನ್ನು ಕರೆದು ಟವೆಲಿನ ಕಥೆಯೆಲ್ಲ ಹೇಳಿದೆ.

ಮಾಮಿ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ಬಗ್ಗಿ ನೋಡಿದರು. "ಸತ್ತ ಮನೆಯ ಬಟ್ಟೆಯಾ ಇದು?"

"ಹೌದು ಮಾಮಿ. ಆತ್ಮ ಕಣ್ಣೊರೆಸುತ್ತದಂತೆ."

"ಆಮೇಲೆ ಒಗೆಯುತ್ತಾರಾ?"

"ಅವರಲ್ಲಿ ಒಗೆಯುವ ಕ್ರಮ ಇರಲಿಕ್ಕಿಲ್ಲ."

"ಪಾಪ" ಎಂದು ಅವರು ಒಳಗೆ ಹೋದರು. ನಾನು ವಜ್ರಗಳಿಗೆ ಮರಳಿದೆ.

ಶನಿವಾರ ನನಗೆ ಡ್ಯೂಟಿ. ನಮ್ಮ ಕ್ಲಿನಿಕ್ಕಿನಲ್ಲಿ ಮಧ್ಯಾಹ್ನ ಕೆಲವು ಗಂಟೆ ಬಾಗಿಲು ಹಾಕುತ್ತಾರೆ. ಮನೆಗೆ ಬಂದೆ. ಮಾಮಿ ಬಾಗಿಲು ತೆಗೆದವರೇ "ನಿನ್ನ ಟೀಚರ್ ಬಟ್ಟೆ ಒಣಗಿದೆ, ಮಡಚಿ ಇಡು" ಎಂದರು. ಯಾವ ಬಟ್ಟೆ ಎಂದು ಕೇಳಲಿಕ್ಕೂ ನಿಲ್ಲಲಿಲ್ಲ. ಬಾಲ್ಕನಿಗೆ ಓಡಿದೆ. ಬಾಲ್ಕನಿಯಲ್ಲಿ ಬಟ್ಟೆ ನೇತುಹಾಕಿದರೆ ಕಟ್ಟಡದ ವಾಚ್‌ಮನ್ ಬೈಯುತ್ತಾನೆಂದು ಅವರಿಗೆ ಎಷ್ಟೋ ಸಲ ಹೇಳಿದ್ದೆ. ಕಂಬಿಯ ಹೊರಮೈಗೆ, ನಾಲ್ಕು ಕ್ಲಿಪ್ ಹಾಕಿ, ಟವೆಲನ್ನು ಉದ್ದಕ್ಕೆ ಇಳಿಬಿಟ್ಟಿದ್ದರು.

ಹೊಲಿಗೆ ಇತ್ತು, ಬಣ್ಣ ಇರಲಿಲ್ಲ. ದಾರದ ಕೆಂಪೆಲ್ಲ ಬಿಟ್ಟು ಬಟ್ಟೆಯ ತುಂಬ ಹರಡಿ, ಬಸಳೆ ಹಣ್ಣು ಹಿಂಡಿದ ಹಾಗೆ ಆಗಿತ್ತು. ಎಲ್ಲಿ ಹೆಂಗಸು, ಎಲ್ಲಿ ಕುದುರೆ ಒಂದೂ ತಿಳಿಯುತ್ತಿರಲಿಲ್ಲ.

"ಎಂತ ಮಾಡಿದಿರಿ ಮಾಮಿ" ಎಂದೆ. ಬೈಯಬೇಕೆಂದೇ ಬಾಯಿ ತೆಗೆದದ್ದು.

ಅವರು ನಿಧಾನಕ್ಕೆ ಹೇಳಿದರು. ಸತ್ತವರ ಕಣ್ಣೀರು ಅದರಲ್ಲೇ ಒಣಗಿ ಕೂತಿದೆ, ಅದನ್ನು ಒಗೆದುಬಿಡದಿದ್ದರೆ ಆ ಜೀವಗಳಿಗೆ ಬಿಡುಗಡೆ ಎಲ್ಲಿ. ಊರಿನಲ್ಲಾದರೆ ಮಡಿವಾಳರನ್ನು ಕರೆದು ಕೊಡಬಹುದಿತ್ತು, ಅವರು ಒಗೆದು ಕೊಟ್ಟರೇ ಸೂತಕ ಕಳೆಯುವುದು. ಈ ಮರಳುಗಾಡಿನಲ್ಲಿ ಮಡಿವಾಳರು ಎಲ್ಲಿ ಸಿಗಬೇಕು, ಅದಕ್ಕೆ ತಾನೇ ಮಾಡಿದೆ. ಬಕೆಟ್ಟಿಗೆ ತಣ್ಣೀರಿನ ನಳ್ಳಿಯೇ ಬಿಟ್ಟದ್ದು, ಸೋಪಿನ ಪುಡಿ ಚಿಟಿಕೆಯಷ್ಟೇ.

ತಣ್ಣೀರಿನ ನಳ್ಳಿ. ದೋಹಾದ ಜೂನ್ ತಿಂಗಳಲ್ಲಿ ಟೆರೇಸಿನ ಟ್ಯಾಂಕಿನಿಂದ ಇಳಿಯುವ ನೀರಿಗೆ ಕೈಯಿಟ್ಟರೆ ಬೊಬ್ಬೆ ಏಳುತ್ತದೆ. ಇಲ್ಲಿ ಇಷ್ಟು ವರ್ಷ ಇದ್ದ ನಮಗೆ ಗೊತ್ತು, ಗೀಸರ್ ಆಫ್ ಮಾಡಿ ಅದರಲ್ಲಿ ನಿಂತ ನೀರನ್ನೇ ತಣ್ಣೀರು ಎಂದು ಬಳಸುತ್ತೇವೆ. ಬಂದು ಮೂರು ವಾರವಾದ ಮಾಮಿಗೆ ಅಂದಾಜಿರಲಿಲ್ಲ. ನೀರು ಬಿಸಿಯಿದೆ ಎಂದು ಅವರಿಗೆ ಕಂಡದ್ದು ನಿಜ, ಬಿಸಿಯಾದರೆ ಇನ್ನೂ ಒಳ್ಳೆಯದು ಎಂದುಕೊಂಡರಂತೆ. ಇನ್ನು ಯಾರ ಮೇಲೆ ರೇಗಲಿ? ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು, ಆವತ್ತು ಅದಕ್ಕೆ ಇಳಿಯಲು ಜಾಗವೇ ಸಿಗಲಿಲ್ಲ.

ಕ್ಲಿಪ್ ತೆಗೆಯಲು ಬಗ್ಗಿದವಳು ಕೆಳಗೆ ನೋಡಿದೆ. ರಸ್ತೆ ಬದಿಯಲ್ಲಿ ಟ್ಯಾಕ್ಸಿ ನಿಂತಿತ್ತು. ಮೇಡಂ ಅದರ ಬಾಗಿಲು ಹಿಡಿದುಕೊಂಡು, ಇನ್ನೊಂದು ಕೈಯನ್ನು ಬಾಯಿಗೆ ಒತ್ತಿ ಮೇಲೆ ನೋಡುತ್ತಿದ್ದರು.

ಲಿಫ್ಟು ಬರುವಷ್ಟು ಹೊತ್ತು ನಾನು ಬಾಗಿಲ ಬಳಿ ನಿಂತಿದ್ದೆ. ಮೇಡಂ ಬಂದವರೇ ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡರು. "ಯಾರು? ನಿನ್ನ ಗಂಡನಾ? ಮಗಳಾ? ಹೇಳು" ಎಂದು ಕಿವಿಯಲ್ಲಿ ಕೇಳಿದರು. ನನಗೆ ಮೊದಲು ತಲೆಬುಡ ತಿಳಿಯಲಿಲ್ಲ. ಆಮೇಲೆ ಅರ್ಥವಾಯಿತು. ಟವೆಲನ್ನು ಹೊರಗೆ ಇಳಿಬಿಟ್ಟದ್ದು ನೋಡಿ ನಮ್ಮ ಮನೆಯಲ್ಲಿ ಸಾವಾಗಿದೆ, ನಮ್ಮ ಸಂಕಟಕ್ಕೆ ಅವರದ್ದನ್ನೇ ಕಟ್ಟಿದ್ದೇನೆ ಎಂದುಕೊಂಡಿದ್ದರು. ತನ್ನ ಅಮ್ಮನಿಗೆಂದು ಇಟ್ಟದ್ದನ್ನು ಇವಳು ಕಟ್ಟಿಬಿಟ್ಟಳಲ್ಲ ಎಂಬ ಬೇಸರ ಅವರ ಮುಖದಲ್ಲಿ ಹುಡುಕಿದೆ, ಇರಲಿಲ್ಲ.

"ಯಾರಿಗೂ ಏನೂ ಆಗಿಲ್ಲ ಮೇಡಂ" ಎಂದೆ. "ಯಾರೂ ಸತ್ತಿಲ್ಲ."

ಅವರು ನಕ್ಕರು. ದೇವರಿಗೆ ಕೈಮುಗಿದ ಹಾಗೆ ಎದೆ ಮುಟ್ಟಿಕೊಂಡರು. ಹಾಗಾದರೆ ಯಾಕೆ ಹೊರಗೆ ಹಾಕಿದ್ದೀ ಎಂದು ಕೇಳಿದರು. ಅತ್ತೆ ತಿಳಿಯದೆ ಒಗೆದುಬಿಟ್ಟರು ಎಂದು ಹೇಳಿ ಟವೆಲು ತಂದು ಅವರ ಕೈಗಿಟ್ಟೆ.

ಅವರು ಅದನ್ನು ನೋಡುವ ಮೊದಲು ಮೂಗಿಗೆ ಹಿಡಿದರು. ಆಮೇಲೆ ಬಿಡಿಸಿದರು. ಸೋಫಾದಲ್ಲಿ ಕೂತು ಮೊಣಕಾಲ ಮೇಲೆ ಹರಡಿ, ಒಂದು ತುದಿ ನೋಡಿ, ತಿರುಗಿಸಿ ಇನ್ನೊಂದು ತುದಿ ನೋಡಿದರು. ಅಳು ಸದ್ದಿಲ್ಲದೆ ಬಂತು. ಮಾಮಿಗೆ ಇಂಗ್ಲಿಷು ಬರುವುದಿಲ್ಲ. ತಾಯಿಯ ನೆನಪಾಗಿ ಅಳುತ್ತಿದ್ದಾರೆ ಎಂದುಕೊಂಡು, ನೀರು ತಂದುಕೊಟ್ಟು ಅವರ ತಲೆ ಸವರಿದರು. "ಇನ್ನು ಹೆದರಿಕೆ ಇಲ್ಲ, ಎಲ್ಲ ಶುದ್ಧ ಮಾಡಿದ್ದೇನೆ ಅಂತ ಹೇಳು ಮಗಾ" ಎಂದರು ನನಗೆ. ಮೇಡಂ ಕಣ್ಣೆತ್ತಿ, ಅವರು ಏನು ಹೇಳುತ್ತಿದ್ದಾರೆ ಎಂದು ಕೇಳಿದರು. ಬಾಯಿ ಜಾಸ್ತಿ ಇರುವ ನಾನು ಎರಡು ಭಾಷೆಯ ನಡುವೆ ಮೂಕಿಯಾಗಿ ನಿಂತೆ.

ಮೇಡಂ ತಾನಾಗಿಯೇ ಮೊಬೈಲು ತೆಗೆದು ಟವೆಲಿನ ಹಳೆಯ ಫೋಟೋವನ್ನು ಮಾಮಿಗೆ ತೋರಿಸಿದರು. ಬೈಯಲಿಕ್ಕೆ ತೋರಿಸಿದ್ದಲ್ಲ. ಹೀಗಿತ್ತು ಎಂದು ಯಾರಿಗಾದರೂ ಹೇಳಬೇಕಿತ್ತು, ಅಷ್ಟೇ. ಮಾಮಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಕೈ ಎತ್ತಿ ನಿಂತ ಹೆಂಗಸಿನ ಮೇಲೆ ಬೆರಳಿಟ್ಟರು. "ಇವಳು ಇದ್ದಳಾ ಅದರಲ್ಲಿ?" ಎಂದು ನನ್ನನ್ನು ಕೇಳಿದರು. ನಾನು ಹೌದೆಂದೆ. "ನಾನು ಕೊಳೆ ನೋಡಿದೆ. ಚಿತ್ರ ನೋಡಲಿಲ್ಲ" ಎಂದು ಅವರು ನೆಲದ ಮೇಲೆ ಕೂತುಬಿಟ್ಟರು.

ಏನಾದರೂ ಮಾಡಬೇಕಲ್ಲ. ಟವೆಲನ್ನು ಹಿಡಿದುಕೊಂಡು ಕೆಳಗಿನ ಲಾಂಡ್ರಿಗೆ ಓಡಿದೆ. ಅಲ್ಲಿಯ ಮಲಯಾಳಿ ಬಟ್ಟೆಯನ್ನು ಬೆಳಕಿಗೆ ಹಿಡಿದ, ಒಂದು ಎಳೆಯನ್ನು ಉಗುರಿನಿಂದ ಎತ್ತಿ ನೋಡಿದ. "ಖಲಾಸ್ ಚೇಚಿ" ಎಂದ, ಮುಗಿಯಿತು ಅಕ್ಕಾ ಎಂದು ಅರ್ಥ. ಕಲೆಯಾದರೆ ತೆಗೆಯಬಹುದು, ಬಣ್ಣ ದಾರದಿಂದಲೇ ಹೋಗಿದೆ, ಹೋದದ್ದನ್ನು ಮತ್ತೆ ದಾರದೊಳಕ್ಕೆ ಹಾಕುವುದು ಯಾರಿಂದಲೂ ಆಗದು ಎಂದ. ಇಸ್ತ್ರಿ ಹಾಕಿ ಕೊಡಲಾ ಎಂದು ಕೇಳಿದ. ಬೇಡ ಎಂದೆ. ಮೇಲೆ ಬಂದೆ.

ಗ್ರಾಫ್ ಪೇಪರನ್ನು ಮೇಡಂ ಮುಂದೆ ಇಟ್ಟೆ. ಅಂಚಿನ ಚೌಕಗಳು, ವಜ್ರಗಳು, ಆಮೇಲೆ ಖಾಲಿ. ಹೆಂಗಸನ್ನೂ ಕುದುರೆಯನ್ನೂ ಶನಿವಾರ ಕ್ಲಿನಿಕ್ಕಿನಿಂದ ಬಂದು ಮುಗಿಸೋಣವೆಂದು ಬಿಟ್ಟಿದ್ದೆ. ಕುದುರೆ ಹೋದರೇನು, ರೈತ ಹೋದರೇನು, ಚೌಕ ಉಳಿಯಿತಲ್ಲ ಎಂದು ವರ್ಷಗಟ್ಟಲೆ ಪಾಠ ಮಾಡಿದವರು ಆ ಹಾಳೆಯ ಖಾಲಿ ಜಾಗದ ಮೇಲೆ ಒಂದು ಸಲ ಕೈಯಾಡಿಸಿದರು. ಮಡಚಿ ಬ್ಯಾಗಿಗೆ ಹಾಕಿಕೊಂಡರು, ಟವೆಲನ್ನೂ ಹಾಕಿಕೊಂಡರು. ಹೋಗುವಾಗ ಬಗ್ಗಿ, ನೆಲದ ಮೇಲೆ ಕೂತಿದ್ದ ಮಾಮಿಯ ಕೆನ್ನೆಗೆ ಮುತ್ತು ಕೊಟ್ಟರು. ಅವರು ಒಂದು ಮಾತು ಬೈದಿದ್ದರೆ ನಮಗೆಲ್ಲ ಹಗುರವಾಗುತ್ತಿತ್ತು.

ಆಮೇಲೆ ಮಾಮಿ ಮನೆಯಲ್ಲಿ ಒಂದು ಕರವಸ್ತ್ರವನ್ನೂ ಒಗೆಯಲಿಲ್ಲ. ಬೆಳಿಗ್ಗೆ ಕಾಫಿ ಕುಡಿಯುವಾಗ ಒಂದು ಸಲ, ಸಂಜೆ ನಾನು ಚಪ್ಪಲಿ ಬಿಡುವಾಗ ಒಂದು ಸಲ "ಫೋನ್ ಬಂತಾ?" ಎನ್ನುವರು. ಇಲ್ಲವೆಂದರೆ "ಬದುಕಿದ್ದಾರೆ ಹಾಗಾದರೆ" ಎನ್ನುವರು. ಊರಿನಲ್ಲಿ ಮಣೆಯ ಮುಂದೆ ಇಡುವ ಹಾಗೆ ಒಂದು ಸಣ್ಣ ದೀಪವನ್ನೂ ಇಡಲು ಶುರು ಮಾಡಿದರು, ಕಂಡೇ ಇರದ ಮೇಡಂ ಅವರ ಅಮ್ಮನಿಗಾಗಿ. ಇವರು, ಅಂದರೆ ನನ್ನ ಗಂಡ, ಹಳೇ ಬಟ್ಟೆಗೆ ಇಷ್ಟು ಯಾಕೆ, ಇಲ್ಲಿಯ ಪೇಟೆ ಸೂಕ್ ವಾಕಿಫ್‌ನಲ್ಲಿ ಇಂಥದ್ದು ಬೇಕಾದಷ್ಟು ಸಿಗುತ್ತದೆ ಎಂದರು ಒಂದು ಸಲ. ನನ್ನ ಮುಖ ನೋಡಿದ ಮೇಲೆ ಆ ವಿಷಯ ಎತ್ತಲಿಲ್ಲ.

ಫೋನ್ ಬಂದದ್ದು ಒಂದು ಸಂಜೆ. ಮೇಡಂ ಸ್ವರ ಹತ್ತಿರದಲ್ಲೇ ಇದ್ದ ಹಾಗೆ ಕೇಳುತ್ತಿತ್ತು. ಅಮ್ಮ ಹೋದರು ಎಂದರು. ತಾನು ಊರು ಮುಟ್ಟಿದಾಗ ಅವರಿಗೆ ಪೂರ್ತಿ ಎಚ್ಚರವಿತ್ತು, ಮೊದಲು ಕೇಳಿದ್ದೇ ಟವೆಲು ಎಂದರು. ತೆಗೆದು ಎದೆಯ ಮೇಲೆ ಹರಡಿದರಂತೆ.

"ನೋಡಿದರು. ಇದು ನಮ್ಮದಲ್ಲ ಎಂದರು. ಯಾರದ್ದೋ ತಂದಿದ್ದೀ, ಅವರಿಗೆ ಬೇಕಾಗುತ್ತದೆ, ಕೊಟ್ಟು ಬಾ ಎಂದರು."

"ಮತ್ತೆ?"

"ಅದೇ ಅಮ್ಮಾ ಎಂದೆ. ನಂಬಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದರು."

"ಒಗೆದ ಸಂಗತಿ ಹೇಳಲಿಲ್ಲವಾ ಮೇಡಂ?"

"ಬಾಯಿಗೆ ಬರಲಿಲ್ಲ. ತನ್ನ ಅಮ್ಮನ ಕೈಯದ್ದು ಹಾಳಾಯಿತು ಎಂದು ತಿಳಿದು ಹೋಗುವುದಕ್ಕಿಂತ ನಾನು ಮರೆತು ಬಂದೆ ಎಂದು ತಿಳಿದೇ ಹೋಗಲಿ ಎನ್ನಿಸಿತು." ಕಿಟಕಿಗೆ ಅದನ್ನೇ ಕಟ್ಟಿದ್ದೇನೆ ಎಂದರು. ಬೇರೆ ಯಾವುದನ್ನು ಕಟ್ಟಲಿ ಎಂದು ನನ್ನನ್ನೇ ಕೇಳಿದರು.

ಫೋನಿಟ್ಟ ಮೇಲೆ ಮಾಮಿಗೆ ಮುಚ್ಚುಮರೆ ಮಾಡಲಿಲ್ಲ, ಎಲ್ಲ ಹೇಳಿದೆ. ಸುಳ್ಳು ಹೇಳಿದರೂ ನನ್ನ ಮುಖ ಓದಿ ತಿಳಿದುಕೊಳ್ಳುವವರು ಅವರು. ದೀಪದ ಬತ್ತಿಯನ್ನು ಬೆರಳಿನಿಂದ ಸರಿ ಮಾಡುತ್ತ ಕೇಳಿದರು. ಕೇಳಿ ಮುಗಿದ ಮೇಲೂ ಬತ್ತಿಯನ್ನೇ ಸರಿ ಮಾಡುತ್ತಿದ್ದರು.

"ಹೇಳಬೇಕಿತ್ತು" ಎಂದರು ಕೊನೆಗೆ. "ದೋಹಾದಲ್ಲಿ ಒಬ್ಬಳು ಮುದುಕಿ ತಿಳಿಯದೆ ಒಗೆದುಬಿಟ್ಟಳು ಅಂತ ಹೇಳಬೇಕಿತ್ತು. ಅವರು ನನಗೆ ಬೈಯುತ್ತಿದ್ದರು. ಬೈದಾದರೂ ಅದು ತನ್ನ ಅಮ್ಮನದ್ದು ಅಂತ ಗೊತ್ತಾಗುತ್ತಿತ್ತಲ್ಲ ಮಗಾ."

ಫೋನ್ ನನ್ನ ಕೈಯಲ್ಲೇ ಇತ್ತು. ಮೇಡಂಗೆ ತಿರುಗಿ ಮಾಡಿ ಈ ಮಾತು ಹೇಳಲೇ ಎಂದು ಯೋಚಿಸಿದೆ. ಹೇಳಿ ಆಗುವುದೇನು. ಅವರಮ್ಮನನ್ನು ಆವತ್ತು ಬೆಳಿಗ್ಗೆಯೇ ಮಣ್ಣು ಮಾಡಿ ಬಂದಿದ್ದರು.